ಉಪಗ್ರಹದಿಂದ ಬಿಟ್ಟ ಟೆದರ್‌ಗೆ, ಅಂದರೆ ಕರೆಂಟ್ ಹರಿಯುವ ಉದ್ದನೆಯ ತಂತಿಗೆ, ಎಲೆಕ್ಟ್ರಾನ್ ಎಲ್ಲಿಂದ ಸಿಗುತ್ತದೆ?

ಸುತ್ತಲಿನ ಅಯಾನುಗೋಳದಿಂದಲೇ, ಅಂದರೆ ಬಿಡಿ ಎಲೆಕ್ಟ್ರಾನ್‌ಗಳಿರುವ ಮೇಲಿನ ವಾತಾವರಣದಿಂದಲೇ. ತಂತಿ ಭೂಮಿಯ ಕಾಂತಕ್ಷೇತ್ರವನ್ನು ಸೀಳಿಕೊಂಡು ಓಡುವಾಗ ವೋಲ್ಟೇಜ್ ಹುಟ್ಟುತ್ತದೆ, ಪಾಸಿಟಿವ್ ತುದಿ ಎಲೆಕ್ಟ್ರಾನ್‌ಗಳನ್ನು ಎಳೆಯುತ್ತದೆ. ಆದರೆ ಹಿಡಿಯೋಕೆ ಜಾಗ ಬೇಕಲ್ವಾ? 1996ರಲ್ಲಿ ಕೊಲಂಬಿಯಾ ಷಟಲ್ ಬಿಟ್ಟ ಟೆದರ್‌ನ ತುದಿಯಲ್ಲಿ 1.6 ಮೀಟರ್ ಅಗಲದ ಗೋಳವಿತ್ತು. 19.7 ಕಿ.ಮೀ. ಬಿಚ್ಚಿಕೊಂಡು ಸುಮಾರು 3,500 ವೋಲ್ಟ್ ಕೊಟ್ಟಿತು, ಆಮೇಲೆ ಕಡಿದುಹೋಯಿತು.

ನನಗೆ ಜಾಸ್ತಿ ಇಷ್ಟವಾದದ್ದು ಹೊದಿಕೆಯಿಲ್ಲದ ಬರಿ ತಂತಿ. ಸಕಲೇಶಪುರದ ಮಂಜಿನಲ್ಲಿ ತೋಟದ ಬೇಲಿ ತಂತಿಗೆ ಉದ್ದಕ್ಕೂ ಹನಿ ಕಟ್ಟೋದನ್ನು ನೋಡಿರುತ್ತೀರಿ. ಹಾಗೇ ಇಲ್ಲಿ ತಂತಿಯ ಬಹುಪಾಲು ಉದ್ದವೇ ಎಲೆಕ್ಟ್ರಾನ್ ಹಿಡಿಯುತ್ತದೆ, ಗೋಳವೇ ಬೇಡ. ಇನ್ನೊಂದು ತುದಿಯಲ್ಲಿ ಅವನ್ನು ಹೊರಗೆ ಬಿಡಲೇಬೇಕು, ಇಲ್ಲದಿದ್ದರೆ ಕರೆಂಟ್ ಹರಿಯುವುದಿಲ್ಲ.

ನಮ್ಮ ಹಾಸನದ ಎಂಸಿಎಫ್ (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) ನೋಡಿಕೊಳ್ಳುವ, 36,000 ಕಿ.ಮೀ. ಮೇಲಿನ ಉಪಗ್ರಹಗಳಿಗೆ ಇದು ಒಗ್ಗದು. ಅಲ್ಲಿ ಎಲೆಕ್ಟ್ರಾನ್ ತೀರಾ ಕಡಿಮೆ, ಕಾಂತಕ್ಷೇತ್ರವೂ ದುರ್ಬಲ.