ಬೆರ್ರಿ ಯಾರ ಪದ? ಲೇಖಕರೊಬ್ಬರಿಗೆ ಸಂಪಾದಕರ ಉತ್ತರ

ನಮಸ್ಕಾರ.

ನೀವು ಕಳಿಸಿದ ‘ಬೆರ್ರಿ: ಒಂದು ಹಣ್ಣು, ನೂರು ಅರ್ಥ’ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಓದಿದ್ದು ಕೆಲಸವೆಂದು, ಎರಡನೆಯ ಸಲ ಮೂರನೆಯ ಪುಟದ ಒಂದೇ ಒಂದು ವಾಕ್ಯಕ್ಕಾಗಿ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ‘ಸ್ಥಳಾಭಾವದಿಂದ ವಿಷಾದಿಸುತ್ತೇವೆ’ ಎಂದು ಮುಗಿಸಿಬಿಡಬಹುದಿತ್ತು. ಆ ವಾಕ್ಯ ಬಿಡಲಿಲ್ಲ, ಆದ್ದರಿಂದ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ವಾಕ್ಯ ಇದು: “ಪೊದೆಯೊಳಗೆ ಕೈ ಹಾಕುವಾಗ ಸುಮ್ಮನಿದ್ದ ಮುಳ್ಳು, ಹಣ್ಣು ಹಿಡಿದು ಕೈ ತೆಗೆಯುವಾಗ ಕಚ್ಚಿತು.” ಬ್ಲ್ಯಾಕ್‌ಬೆರ್ರಿಯ ಮುಳ್ಳುಗಳು ಕೊಕ್ಕೆಯಂತೆ ಬುಡದ ಕಡೆಗೆ ಬಾಗಿರುತ್ತವೆ. ಉದ್ದನೆಯ ರೆಂಬೆಗಳು ಅಕ್ಕಪಕ್ಕದ ಗಿಡಗಳಿಗೆ ಆತುಕೊಂಡು ಮೇಲೇರುವುದು ಆ ಕೊಕ್ಕೆಗಳಿಂದಲೇ. ಈ ವಿವರಣೆ ನಿಮ್ಮ ಲೇಖನದಲ್ಲಿಲ್ಲ, ಬೇಕಾಗಿಯೂ ಇಲ್ಲ. ಗೀರಿಸಿಕೊಂಡ ಕೈಯೇ ಅಲ್ಲಿ ಮಾತನಾಡಿದೆ.

ಮೊದಲೆರಡು ಪುಟಗಳಲ್ಲಿ ಆ ಕೈ ಕಾಣುವುದಿಲ್ಲ. ಅಲ್ಲಿರುವುದು ಪ್ರಕೃತಿ ಮಾತೆಯ ಮಡಿಲು, ಇಬ್ಬನಿಯ ಮುತ್ತು, ಮಾಣಿಕ್ಯದಂತೆ ಹೊಳೆಯುವ ಹಣ್ಣು. ಮಾಣಿಕ್ಯವನ್ನು ಎಣಿಸಿದೆ, ಆರು ಸಲ ಬಂದಿದೆ. ಅಲಂಕಾರವನ್ನಾದರೂ ಕ್ಷಮಿಸಬಹುದು, ನೋಡದೆ ಬರೆದದ್ದನ್ನು ಕ್ಷಮಿಸುವುದು ಕಷ್ಟ. “ಮಾಗಿದ ರಾಸ್ಪ್‌ಬೆರ್ರಿಯನ್ನು ಒಳಗಿನ ಬಿಳಿ ದಿಂಡಿನೊಡನೆ ಕಿತ್ತೆ” ಎಂದಿದ್ದೀರಿ. ಅದು ಹಾಗೆ ಬರುವುದಿಲ್ಲ. ದಿಂಡು ಗಿಡದಲ್ಲೇ ಉಳಿದು, ಹಣ್ಣು ಪುಟ್ಟ ಟೊಪ್ಪಿಗೆಯಂತೆ ಪೊಳ್ಳಾಗಿ ಬೆರಳಿಗೆ ಬರುತ್ತದೆ. ದಿಂಡನ್ನು ಕಟ್ಟಿಕೊಂಡೇ ಬರುವುದು ಬ್ಲ್ಯಾಕ್‌ಬೆರ್ರಿ. ಅದರ ಕೆಂಪು ಕಾಯಿಗಳನ್ನು ಮನೆಗೆ ತಂದು ಎರಡು ದಿನ ಇಟ್ಟು ಸಿಹಿಯಾದ ಮೇಲೆ ತಿಂದದ್ದಾಗಿಯೂ ಬರೆದಿದ್ದೀರಿ. ಕಿತ್ತಿಟ್ಟ ಮೇಲೆ ಸಿಹಿಯಾಗುವುದು ಬಾಳೆಹಣ್ಣಿನ ಗುಣ, ಬ್ಲ್ಯಾಕ್‌ಬೆರ್ರಿಯದಲ್ಲ. ಹುಳಿಯಿರುವಾಗ ಕಿತ್ತರೆ ಅದು ಹುಳಿಯಾಗಿಯೇ ಕೊಳೆಯುತ್ತದೆ. ಕಾಡಿನಲ್ಲಿ ಆರಿಸುವವರ ಪಾಡೆಲ್ಲ ಇರುವುದು ಇಲ್ಲಿಯೇ: ಒಂದೇ ಗೊಂಚಲಿನಲ್ಲಿ ಹಸಿರು, ಕೆಂಪು, ಕಪ್ಪು ಮೂರೂ ಇರುತ್ತವೆ, ಪಕ್ಕದ ರೆಂಬೆಯಲ್ಲಿ ಇನ್ನೂ ಹೂವಿರುತ್ತದೆ. ಒಂದೇ ದಿನ ಬಾಚಿಕೊಂಡು ಹೋಗುವಂತಿಲ್ಲ, ಮತ್ತೆ ಮತ್ತೆ ಬರಬೇಕು. ಇದು ನಿಮ್ಮ ಲೇಖನದ ಬೆನ್ನೆಲುಬಾಗಬಹುದಿತ್ತು. ನೀವು ಆ ಜಾಗದಲ್ಲಿ ಮಾಣಿಕ್ಯ ಇಟ್ಟಿದ್ದೀರಿ.

ನಾಲ್ಕನೆಯ ಪುಟದ ಒಂದು ವಾಕ್ಯವನ್ನಂತೂ ಯಾವ ರೂಪದಲ್ಲಿಯೂ ಅಚ್ಚು ಹಾಕಲಾರೆ: “ಹಕ್ಕಿ ತಿಂದ ಹಣ್ಣನ್ನು ಮನುಷ್ಯ ನಿರ್ಭಯವಾಗಿ ತಿನ್ನಬಹುದು.” ಇದನ್ನು ನಂಬಿದವರು ಸಾಯಬಹುದು. ಯುರೋಪಿನ ಯೂ ಎಂಬ ಮರದ ಕೆಂಪು ‘ಹಣ್ಣಿ’ನಲ್ಲಿ ವಿಷವಿಲ್ಲದ ಭಾಗವೆಂದರೆ ಹೊರಗಿನ ಮೆತ್ತನೆಯ ಹೊದಿಕೆ ಮಾತ್ರ. ಬೀಜ ಪ್ರಾಣಾಂತಿಕ. ಹಕ್ಕಿ ಬೀಜವನ್ನು ಜಗಿಯದೆ ನುಂಗಿ, ಹಾಗೆಯೇ ಹೊರಹಾಕಿ ಹಾರಿಹೋಗುತ್ತದೆ. ನಮಗೆ ಹಲ್ಲುಗಳಿವೆ. ಬೆಲ್ಲಡೋನ ಎಂಬ ವಿಷಗಿಡದ ಹಣ್ಣನ್ನೂ ಹಕ್ಕಿಗಳು ತಿನ್ನುತ್ತವೆ. ಚೆರ್ರಿಯಷ್ಟು ದಪ್ಪದ, ಹೊಳೆಯುವ ಕಪ್ಪು ಹಣ್ಣು ಅದು, ರುಚಿಯೂ ತುಸು ಸಿಹಿ. ಮಕ್ಕಳು ಮೋಸಹೋಗುವುದು ಆ ಸಿಹಿಗೇ. ಅದರ ಕುಲಕ್ಕೆ ‘ಅಟ್ರೋಪ’ ಎಂಬ ಹೆಸರು ಬಂದದ್ದು ಗ್ರೀಕರ ಅಟ್ರೊಪೊಸ್‌ಳಿಂದ, ಅಂದರೆ ಬದುಕಿನ ನೂಲನ್ನು ಕತ್ತರಿಸುವ ವಿಧಿದೇವತೆಯಿಂದ. ಕಣ್ಣಿನ ಪಾಪೆ ಹಿಗ್ಗಿಸಲು ವೈದ್ಯರು ಬಳಸುವ ಅಟ್ರೋಪಿನ್ ಇದೇ ಗಿಡದ ಹೆಸರು ಹೊತ್ತಿದೆ. ಪದಗಳ ಅರ್ಥದ ಬಗ್ಗೆ ಲೇಖನ ಬರೆದ ನಿಮಗೆ ಈ ಪದ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ಅಚ್ಚರಿಯಾಯಿತು.

ಈಗ ಪದದ ವಿಷಯಕ್ಕೇ ಬರೋಣ. ಲೇಖನದ ಉತ್ತರಾರ್ಧವೆಲ್ಲ ಒಂದೇ ಸಾಲಿನ ಸುತ್ತ ಸುತ್ತುತ್ತದೆ: “ಸ್ಟ್ರಾಬೆರ್ರಿ ಬೆರ್ರಿಯೇ ಅಲ್ಲ, ಜನಸಾಮಾನ್ಯರ ಅಜ್ಞಾನಕ್ಕೆ ಏನೆನ್ನೋಣ!” ಸಸ್ಯಶಾಸ್ತ್ರ ನೀವು ಹೇಳಿದಂತೆಯೇ ಇದೆ. ಒಂದು ಹೂವಿನ ಒಂದೇ ಅಂಡಾಶಯ ಬೆಳೆದು, ಗಟ್ಟಿ ಓಟೆಯಿಲ್ಲದೆ, ತಿರುಳಿನೊಳಗೆ ಬೀಜ ಹುದುಗಿದ್ದರೆ ಅದು ಬೆರ್ರಿ. ದ್ರಾಕ್ಷಿ, ಟೊಮೆಟೊ, ಬದನೆ, ಬಾಳೆ ಎಲ್ಲವೂ ಆ ಪಟ್ಟಿಯಲ್ಲಿವೆ. ಸ್ಟ್ರಾಬೆರ್ರಿಯ ಕೆಂಪು ತಿರುಳು ಹೂವಿನ ಉಬ್ಬಿದ ಪೀಠ, ಮೇಲೆ ಅಂಟಿರುವ ಒಂದೊಂದು ‘ಬೀಜ’ವೂ ಒಂದೊಂದು ಹಣ್ಣು. ರಾಸ್ಪ್‌ಬೆರ್ರಿ ಎಂದರೆ ಹತ್ತಾರು ಪುಟಾಣಿ ಓಟೆಹಣ್ಣುಗಳ ಗುಂಪು. ಇದೆಲ್ಲ ಸರಿ. ಆದರೂ ನಿಮ್ಮ ಸಾಲು ಎರಡು ಕಡೆ ಎಡವುತ್ತದೆ.

ಒಂದು, ಇದು ಇಂಗ್ಲಿಷಿನ ತಮಾಷೆ. ಆ ಭಾಷೆಯವರಿಗೆ ಹೆಸರಿನ ಬಾಲದಲ್ಲೇ ‘ಬೆರ್ರಿ’ ಕೇಳಿಸುತ್ತದೆ, ಆದ್ದರಿಂದ ‘ಅಲ್ಲ’ ಎಂದಾಗ ಬೆಚ್ಚುತ್ತಾರೆ. ಕನ್ನಡದ ಓದುಗರಿಗೆ ಸ್ಟ್ರಾಬೆರ್ರಿ ಬಿಡಿಸಲಾಗದ ಒಂದೇ ಹೆಸರು. ಅದು ಬೆರ್ರಿಯೆಂದು ಅವರು ಯಾವತ್ತೂ ವಾದಿಸಿದವರಲ್ಲ, ಹೀಗಿರುವಾಗ ಯಾವ ಅಜ್ಞಾನದಿಂದ ಅವರನ್ನು ಬಿಡಿಸುತ್ತಿದ್ದೀರಿ? ನಮ್ಮವರು ನಿಜಕ್ಕೂ ಹುಬ್ಬೇರಿಸುವುದು ಬದನೆಕಾಯಿಯೂ ಬಾಳೆಹಣ್ಣೂ ಒಂದೇ ಪಟ್ಟಿಯಲ್ಲಿವೆ ಎಂದಾಗ. ಏಕೆಂದರೆ ನಮ್ಮ ಭಾಷೆ ಗೆರೆ ಎಳೆಯುವುದು ಅಂಡಾಶಯ ನೋಡಿ ಅಲ್ಲ, ಮಾಗಿದೆಯೋ ಇಲ್ಲವೋ, ಬೇಯಿಸಬೇಕೋ ಹಾಗೆಯೇ ತಿನ್ನಬೇಕೋ ಎಂದು ನೋಡಿ. ಕಾಯಿ, ದೋರೆಗಾಯಿ, ಹಣ್ಣು. ಬೆರ್ರಿಯನ್ನು ಕನ್ನಡದಲ್ಲಿ ಬರೆಯಹೊರಟವರಿಗೆ ಇದಕ್ಕಿಂತ ಒಳ್ಳೆಯ ಪ್ರವೇಶ ಬೇಕೆ? ಇದನ್ನು ಬಿಟ್ಟು ‘ಲಘುರಸಫಲ’ ಎಂಬ ಪದ ಟಂಕಿಸಿದ್ದೀರಿ. ದಯವಿಟ್ಟು ಅದನ್ನು ಕೈಬಿಡಿ. ಬೆರ್ರಿ ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಎರಡು, ಪದದ ಯಜಮಾನರು ಯಾರು ಎಂಬ ಪ್ರಶ್ನೆಯನ್ನು ನೀವು ಕೇಳಲೇ ಇಲ್ಲ. ಸಾವಿರ ವರ್ಷಕ್ಕೂ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ದ್ರಾಕ್ಷಿಗೆ ‘ವೈನಿನ ಬೆರ್ರಿ’ ಎಂಬ ಅರ್ಥದ ಹೆಸರಿತ್ತು. ಗಿಡಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಲಿನೇಯಸ್ ಹುಟ್ಟಿದ್ದು 1707ರಲ್ಲಿ. ಅಲ್ಲಿಯವರೆಗೂ, ಆಮೇಲೂ, ಆರಿಸುವವರ ಬಾಯಲ್ಲಿ ಬೆರ್ರಿ ಎಂದರೆ ಎರಡು ಬೆರಳಿಗೆ ಸಿಗುವಂಥದ್ದು, ಚಾಕು ಬೇಡದ್ದು, ಒಂದೇ ಸಲಕ್ಕೆ ಬಾಯಿಗೆ ಹಾಕಿಕೊಳ್ಳುವಂಥದ್ದು. ವಿಜ್ಞಾನ ಈ ಪದವನ್ನು ಎರವಲು ಪಡೆದು ತನ್ನ ಕೆಲಸಕ್ಕೆ ತಕ್ಕಂತೆ ಕತ್ತರಿಸಿಕೊಂಡಿತು. ತಪ್ಪೇನಿಲ್ಲ, ವಿಜ್ಞಾನಕ್ಕೆ ಅದರ ಅಗತ್ಯವಿದೆ. ಎರವಲು ತಂದವರು ಮನೆಯವರನ್ನೇ ಅಜ್ಞಾನಿಗಳೆಂದು ಕರೆಯುವುದು ಮಾತ್ರ ಅತಿಯಾಯಿತು. ಮೇಲೆ ಹೇಳಿದ ಬೆಲ್ಲಡೋನವನ್ನೇ ನೋಡಿ, ಸಸ್ಯಶಾಸ್ತ್ರದ ಪ್ರಕಾರ ಅದು ಅಪ್ಪಟ ಬೆರ್ರಿ. ಸ್ಟ್ರಾಬೆರ್ರಿ ಅಲ್ಲ. ಬುಟ್ಟಿ ಹಿಡಿದು ಕಾಡಿನಲ್ಲಿ ನಿಂತವರು ಈ ವ್ಯಾಖ್ಯೆಯನ್ನು ಕಟ್ಟಿಕೊಂಡು ಏನು ಮಾಡಬೇಕು? ಅವರಿಗೆ ಬೇಕಾದ ತಿಳಿವಳಿಕೆ ಬೇರೆ. ಬ್ಲೂಬೆರ್ರಿಯ ಕಾಡುಬಂಧು ಬಿಲ್ಬೆರ್ರಿಯ ಒಳತಿರುಳೂ ಕಡುಗೆಂಪು, ತಿಂದ ನಾಲಿಗೆ ನೀಲಿಯಾಗುತ್ತದೆ. ತೋಟದ ಬ್ಲೂಬೆರ್ರಿಯ ಒಳಗು ತಿಳಿಹಸಿರು, ಅಷ್ಟು ಬಣ್ಣ ಬಿಡುವುದಿಲ್ಲ. ನಾಲಿಗೆ ಚಾಚಿಸಿ ನೋಡಿದರೆ ಯಾರು ಎಲ್ಲಿಂದ ಬಂದರೆಂದು ಹೇಳಬಹುದು!

ಅರ್ಥಗಳ ಪಟ್ಟಿಯಲ್ಲಿ ಬ್ಲ್ಯಾಕ್‌ಬೆರ್ರಿ ಹೆಸರಿನ ಮೊಬೈಲ್ ಕಂಪನಿಯ ಪ್ಯಾರಾ ತೆಗೆಯಿರಿ, ಅದು ಮಾರಾಟದ ಕಥೆ. ಸಿಗಡಿಯ ದೊಡ್ಡಣ್ಣ ಲಾಬ್‌ಸ್ಟರ್ ಹೊಟ್ಟೆಯಡಿ ಹೊರುವ ಮೊಟ್ಟೆಗಳಿಗೂ ಇಂಗ್ಲಿಷಿನಲ್ಲಿ ಬೆರ್ರಿ ಎನ್ನುತ್ತಾರೆ ಎಂಬ ಮಾತು ಉಳಿಯಲಿ. ಗೊಂಚಲು ಗೊಂಚಲಾದ ಪುಟ್ಟ ಗುಂಡು, ಅದನ್ನು ಕಂಡ ಕಣ್ಣು ಅದೇ ಆರಿಸುವವರ ಕಣ್ಣು.

ಖಾಲಿಯಾಗುವ ಜಾಗಕ್ಕೆ ಒಂದು ಸಂಗತಿ ಕೊಡುತ್ತೇನೆ. ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಅಮೆರಿಕದಲ್ಲಿ ಬ್ಲೂಬೆರ್ರಿ ಕಾಡಿನದೇ, ತೋಟಕ್ಕೆ ಒಗ್ಗದ ಗಿಡವೆಂದೇ ನಂಬಿಕೆಯಿತ್ತು. ಅದಕ್ಕೆ ಹುಳಿಮಣ್ಣು ಬೇಕೆಂದು ಕಂಡುಕೊಂಡವರು ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್. ಆದರೆ ಒಳ್ಳೆಯ ಗಿಡ ಎಲ್ಲಿದೆಯೆಂದು ಅವರಿಗೆ ಹೇಗೆ ಗೊತ್ತಾಗಬೇಕು? ನ್ಯೂಜೆರ್ಸಿಯ ಬೆಳೆಗಾರ್ತಿ ಎಲಿಜಬೆತ್ ವೈಟ್, ಕಾಡಿನಲ್ಲಿ ಹಣ್ಣು ಆರಿಸುತ್ತಿದ್ದವರ ಕೈಗೆ ತೂತಿರುವ ಅಳತೆಯ ತಗಡು ಕೊಟ್ಟರು. ಆ ತೂತಿನಲ್ಲಿ ತೂರದಷ್ಟು ದಪ್ಪದ ಹಣ್ಣು ಬಿಡುವ ಗಿಡ ತೋರಿಸಿದವರಿಗೆ ಹಣ ಕೊಟ್ಟು, ಗಿಡಕ್ಕೆ ಅವರದೇ ಹೆಸರಿಟ್ಟರು. 1916ರಲ್ಲಿ ಮೊದಲ ಬೆಳೆ ಮಾರಾಟಕ್ಕೆ ಬಂತು. ನೀವು ಅಜ್ಞಾನಿಗಳೆಂದದ್ದು ಇಂಥವರನ್ನು.

ಸ್ವೀಡನ್, ಫಿನ್‌ಲ್ಯಾಂಡ್‌ಗಳಲ್ಲಿ ಬೇರೆಯವರ ಕಾಡಿನಲ್ಲೂ ಯಾರು ಬೇಕಾದರೂ ಬೆರ್ರಿ ಆರಿಸಬಹುದು ಎಂಬುದನ್ನು ಒಂದೇ ಸಾಲಿನಲ್ಲಿ ದಾಟಿದ್ದೀರಿ. ಅದಕ್ಕೊಂದು ಪುಟ ಕೊಡಿ. ಬಾಚಣಿಗೆಯ ಹಲ್ಲಿರುವ ಡಬ್ಬಿಯಿಂದ ಗಿಡ ಬಾಚುವವರಿಗೂ ಒಂದೊಂದಾಗಿ ಬಿಡಿಸುವವರಿಗೂ ಎಷ್ಟು ವ್ಯತ್ಯಾಸವಿದೆಯೆಂದು ಯೋಚಿಸಿ.

ಲೇಖನವನ್ನು ಮುಳ್ಳಿನಿಂದಲೇ ಆರಂಭಿಸಿ. ಮೊದಲೆರಡು ಪುಟ ಉಳಿಸಿಕೊಳ್ಳುವ ಆಸೆ ಬೇಡ. 1,500 ಪದ ಮೀರದಂತೆ ಬರೆದು ಮುಂದಿನ ತಿಂಗಳು ಕಳಿಸಿದರೆ ನಾನೇ ಮೊದಲು ಓದುತ್ತೇನೆ. ಮಾಣಿಕ್ಯ ಒಂದು ಸಲ ಬಂದರೆ ಸಹಿಸಿಕೊಳ್ಳುತ್ತೇನೆ, ಹಕ್ಕಿಯ ವಾಕ್ಯ ಬಂದರೆ ಸಹಿಸುವುದಿಲ್ಲ.

ಇಂತಿ,
ಸಂಪಾದಕರು