ಬೆಕ್ಕಿನ ಹಾರ್ಟ್‌ವರ್ಮ್: ಹುಳು ಕೊಲ್ಲುವ ಚುಚ್ಚುಮದ್ದು ಏಕೆ ಕೊಡುವುದಿಲ್ಲ?

ಹ್ಯೂಸ್ಟನ್ನಿನಲ್ಲಿ ಮನೆಯ ಹೊಸ್ತಿಲನ್ನೇ ದಾಟದ ನಿಮ್ಮ ಬೆಕ್ಕಿಗೆ ಹಾರ್ಟ್‌ವರ್ಮ್ (ಹೃದಯ ಮತ್ತು ಶ್ವಾಸಕೋಶದ ರಕ್ತನಾಳಗಳಲ್ಲಿ ಬೆಳೆಯುವ ಹುಳು) ಹೇಗೆ ತಗುಲಿತು, ನಾಯಿಗಳಿಗೆ ಕೊಡುವ ಚುಚ್ಚುಮದ್ದನ್ನು ವೈದ್ಯರು ಇದಕ್ಕೇಕೆ ಕೊಡುತ್ತಿಲ್ಲ ಎಂದು ಕೇಳಿದ್ದೀರಿ. ನಾನು ಪಶುವೈದ್ಯನಲ್ಲ, ಇದೇ ಊರಿನಲ್ಲಿ ಇದೇ ಕಾಯಿಲೆಯ ಬೆಕ್ಕೊಂದನ್ನು ಎರಡು ವರ್ಷ ನೋಡಿಕೊಂಡವನು.

ಮೊದಲ ಪ್ರಶ್ನೆಗೆ ಉತ್ತರ ಸೊಳ್ಳೆ. ಸೋಂಕಿರುವ ನಾಯಿಯ ರಕ್ತ ಹೀರಿದ ಸೊಳ್ಳೆಯೊಂದು ಕೆಲವು ವಾರಗಳ ನಂತರ ಮನೆಯೊಳಗೆ ನುಸುಳಿ ಬೆಕ್ಕನ್ನು ಕಚ್ಚಿದರೆ ಸಾಕು. ಅಮೆರಿಕದ ಈ ಗಲ್ಫ್ ಕರಾವಳಿಯ ಸೆಕೆಯಲ್ಲಿ ಬಾಗಿಲು ಹಾಕಿಕೊಂಡಿದ್ದೇವೆಂಬ ಧೈರ್ಯ ನಡೆಯದು.

ಎರಡನೆಯದನ್ನು ತುಸು ಬಿಡಿಸಿ ಹೇಳಬೇಕು. ನಾಯಿಯ ಮೈಯಲ್ಲಿ ಹತ್ತಾರು ಹುಳುಗಳು ಬೆಳೆಯಬಲ್ಲವು. ಬೆಕ್ಕಿನಲ್ಲಿ ಬಹುಪಾಲು ಎಳೆಯದರಲ್ಲೇ ಸತ್ತು, ಉಳಿದರೆ ಒಂದೋ ಎರಡೋ ಮೂರೋ ಉಳಿಯುತ್ತವೆ. ಕೇಳುವುದಕ್ಕೆ ಇದು ಸಮಾಧಾನದ ಮಾತು, ಆದರೆ ತೊಂದರೆ ಇರುವುದೇ ಅಲ್ಲಿ: ಸೊಳ್ಳೆ ಕಚ್ಚಿದ 3-4 ತಿಂಗಳಿಗೆ ಶ್ವಾಸಕೋಶದ ರಕ್ತನಾಳಗಳನ್ನು ಸೇರುವ ಎಳೆಯ ಹುಳುಗಳು ಅಲ್ಲಿ ಸತ್ತಾಗ ಉರಿಯೂತವೆದ್ದು, ಉಬ್ಬಸದಂತೆಯೇ ಕಾಣುವ ಕಾಯಿಲೆ ಶುರುವಾಗುತ್ತದೆ. ಹೆಸರು ಹೃದಯದ್ದಾದರೂ ಬೆಕ್ಕಿನ ಮಟ್ಟಿಗೆ ಇದು ಹೆಚ್ಚಾಗಿ ಶ್ವಾಸಕೋಶದ ರೋಗ. ಬೆಳೆದ ಒಂದೇ ಒಂದು ಹುಳು ಸತ್ತರೂ ಬೆಕ್ಕು ಹಠಾತ್ತನೆ ಸಾಯುವ ಸಂಭವವಿದೆ. ಸಾಲದ್ದಕ್ಕೆ, ನಾಯಿಗಳಿಗೆ ಕೊಡುವ, ಹುಳು ಕೊಲ್ಲುವ ಆ ಚುಚ್ಚುಮದ್ದು ಮೆಲಾರ್ಸೊಮಿನ್ ಬೆಕ್ಕಿನ ದೇಹಕ್ಕೇ ಅಪಾಯಕಾರಿ. ಆದುದರಿಂದ ನಿಮ್ಮ ವೈದ್ಯರು ಕೈಕಟ್ಟಿ ಕುಳಿತಿಲ್ಲ. ಹುಳು ತನ್ನ 2-4 ವರ್ಷದ ಆಯುಸ್ಸು ಮುಗಿಸುವವರೆಗೆ ಬೆಕ್ಕನ್ನು ಕಾಪಾಡಿಕೊಳ್ಳುವ ದಾರಿ ಹಿಡಿದಿದ್ದಾರೆ.

ನಮ್ಮ ಬೆಕ್ಕು ಮೊಣಕೈಗಳನ್ನು ಅಗಲಿಸಿ, ಕತ್ತನ್ನು ನೆಲಕ್ಕೆ ಸಮವಾಗಿ ಚಾಚಿ, ಏನನ್ನೋ ಕಾರುವಂತೆ ಕೆಮ್ಮುತ್ತಿತ್ತು, ಏನೂ ಹೊರಬರುತ್ತಿರಲಿಲ್ಲ. ಹೊಟ್ಟೆಯಲ್ಲಿ ಕೂದಲುಂಡೆ ಸೇರಿದೆಯೆಂದು ನಾವು ಎರಡು ತಿಂಗಳು ಸುಮ್ಮನಿದ್ದುದು ಶುದ್ಧ ದಡ್ಡತನ. ಹುಳುವಿನಿಂದ ರಕ್ತಕ್ಕೆ ಸೇರುವ ಅಂಶವನ್ನು ಹುಡುಕುವ ಆಂಟಿಜನ್ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ, ಏಕೆಂದರೆ ಅದು ಪತ್ತೆಹಚ್ಚುವುದು ಮುಖ್ಯವಾಗಿ ಬೆಳೆದ ಹೆಣ್ಣುಹುಳುವನ್ನು. ಹುಳುವಿನ ವಿರುದ್ಧ ಬೆಕ್ಕಿನ ದೇಹ ತಯಾರಿಸುವ ಪ್ರತಿಕಾಯವನ್ನು ಹುಡುಕುವ ಆಂಟಿಬಾಡಿ ಪರೀಕ್ಷೆ ಮತ್ತು ಎದೆಯ ಎಕ್ಸ್‌ರೇ ಎರಡನ್ನೂ ಕೂಡಿಸಿ ನೋಡಿದ ಮೇಲಷ್ಟೇ ಕಾಯಿಲೆಯ ಹೆಸರು ತಿಳಿಯಿತು.

ಉರಿಯೂತ ತಗ್ಗಿಸುವ ಪ್ರೆಡ್ನಿಸೊಲೋನ್ ಮಾತ್ರೆಯನ್ನು ಚೂರು ಟ್ಯೂನಾ ಮೀನಿನಲ್ಲಿ ಹುದುಗಿಸಿ ಕೊಡುತ್ತ, ವೈದ್ಯರು ಹೇಳಿದಂತೆ ಪ್ರಮಾಣವನ್ನು ಹಂತಹಂತವಾಗಿ ತಗ್ಗಿಸಿದೆವು. ಅದನ್ನು ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ. ಬೆಕ್ಕು ಗಾಢವಾಗಿ ನಿದ್ರಿಸುವಾಗ ಪಕ್ಕೆಯ ಏರಿಳಿತವನ್ನು (ಒಮ್ಮೆ ಏರಿ ಇಳಿದರೆ ಒಂದು ಉಸಿರು) ನಿಮಿಷವಿಡೀ ಎಣಿಸುವ ರೂಢಿಯಿಟ್ಟುಕೊಳ್ಳಿ. 30ಕ್ಕಿಂತ ಕಡಿಮೆಯಿದ್ದರೆ ಸರಿ, ಮತ್ತೆ ಮತ್ತೆ ಅದನ್ನು ಮೀರುತ್ತಿದ್ದರೆ ವೈದ್ಯರಿಗೆ ತಿಳಿಸಿ, ಬಾಯಿ ತೆರೆದು ಉಸಿರಾಡತೊಡಗಿದರೆ ತಕ್ಷಣ ತುರ್ತುಚಿಕಿತ್ಸೆಗೆ ಕರೆದೊಯ್ಯಿರಿ.

ಹೊಸ ಸೋಂಕು ತಗುಲದಂತೆ ತಿಂಗಳಿಗೊಮ್ಮೆ ಕತ್ತಿನ ಹಿಂಬದಿಯ ಚರ್ಮಕ್ಕೆ ಹಾಕುವ ಸೆಲಮೆಕ್ಟಿನ್‌ನಂತಹ ಔಷಧವನ್ನು ವೈದ್ಯರಿಂದ ಬರೆಸಿಕೊಂಡು, ವರ್ಷವಿಡೀ ತಪ್ಪಿಸದೆ ಹಾಕಿ. ಅಂಗಡಿಯಲ್ಲಿ ಕಾಣುವ, ನಾಯಿಗಳಿಗೆಂದು ಮಾಡಿದ ಪರ್ಮೆಥ್ರಿನ್ ಇರುವ ಹನಿಮದ್ದನ್ನು ಮಾತ್ರ ಯಾವ ಕಾರಣಕ್ಕೂ ಬೆಕ್ಕಿಗೆ ಹಾಕಬೇಡಿ; ಅದು ಬೆಕ್ಕಿಗೆ ವಿಷ.