ನೀತಿಯ ತೀರ್ಮಾನ ಬೇರೆ 'ಸರಿ-ತಪ್ಪು'ಗಳಿಗಿಂತ ಹೇಗೆ ಭಿನ್ನ?

ಸಾರು ಸಪ್ಪೆ ಅನ್ನೋದು ನಾಲಿಗೆಯ ರುಚಿ, ಅದಕ್ಕೆ ಜಗಳ ಬೇಡ. ಎಡಗೈಯಲ್ಲಿ ಬಡಿಸಬಾರದು ಅನ್ನೋದು ರೂಢಿ, ಎಲ್ಲರೂ ಒಪ್ಪಿದರೆ ಬಿಡಬಹುದು. ತೂಕದಲ್ಲಿ ಮೋಸ ಹಾಗಲ್ಲ. ಸಂತೆಯವರೆಲ್ಲ ತಕ್ಕಡಿಯ ತಳಕ್ಕೆ ಹುಣಸೆಹಣ್ಣು ಅಂಟಿಸಿದರೂ, ಕೊಳ್ಳುವ ಅಜ್ಜಿಗೆ ಟೊಮೆಟೊ ಕಡಿಮೆ ಬಂದೇ ಬರುತ್ತದೆ, ಅಲ್ವಾ?

ಇದು ಪುಟ್ಟ ಮಕ್ಕಳಿಗೂ ಗೊತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ಎಲಿಯಟ್ ಟ್ಯೂರಿಯಲ್ ಮತ್ತು ಜೊತೆಗಾರರು 1970ರ ದಶಕದಿಂದ ಮಕ್ಕಳನ್ನೇ ಕೇಳಿ ನೋಡಿದರು: ನಿಯಮವೇ ಇಲ್ಲದಿದ್ದರೆ ಮಾಡಬಹುದಾ? ಶಾಲೆಯ ಕಟ್ಟಳೆಗಳ ವಿಷಯದಲ್ಲಿ ಹೆಚ್ಚಿನ ಮಕ್ಕಳು ಹೌದು ಅಂದರು. ಇನ್ನೊಬ್ಬರನ್ನು ಹೊಡೆಯೋದು ಮಾತ್ರ ಆಗಲೂ ತಪ್ಪು ಅಂದರು, ಅವರಿಗೆ ನೋವಾಗುತ್ತಲ್ಲ ಅಂತ.

ಹಾಗಾಗಿಯೇ ಪಂಕ್ತಿಭೇದವನ್ನು 'ಸುಮ್ನೆ ನಮ್ಮ ರೂಢಿ' ಅಂದಾಗ ನಾನು ಒಪ್ಪುವುದಿಲ್ಲ. ಅಲ್ಲಿ ಒಬ್ಬರನ್ನು ಊಟದ ಸಾಲಿನಿಂದ ಎಬ್ಬಿಸುತ್ತಿದ್ದಾರೆ.